ಶ್ರೀಮಾನ್ 904 ಅವರಿಗೆ ಮಳವಳ್ಳಿಯಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಶ್ರೀಮಾನ್ 904 ಅವರು,
ಪೂರ್ವಾಶ್ರಮದ ಹೆಸರು ಅರಗು, ಈಗ ಆಹಾರ ಸೇರ್ಪಡೆಗಳ ಪಟ್ಟಿಯಲ್ಲಿನ ಸಂಖ್ಯೆಯೇ ಹೆಸರು,
ಮೆರುಗು ಇಲಾಖೆಯ ಹಿರಿಯರು,
ವಾಸ: ಮಿಠಾಯಿ, ಚಾಕೊಲೇಟ್, ಸೇಬು ಮತ್ತು ಮಾತ್ರೆಗಳ ಮೇಲ್ಮೈ.

ಪ್ರತಿಗಳು: ಬ್ರೆಜಿಲಿನ ಶ್ರೀ 903 (ಕಾರ್ನೌಬಾ ಮೇಣ), ಶ್ರೀ 901 (ಜೇನುಮೇಣ), ಶ್ರೀ 174 (ಬೆಳ್ಳಿ), ಹಾಗೂ ಬಣ್ಣದ ಬಂಧುಗಳಾದ 102, 110, 122, 124, 127, 133 ಇವರ ಅವಗಾಹನೆಗೆ.

ಮಾನ್ಯರೆ,

ಮೆರುಗಿನ ವಿಷಯ ಮಾತಾಡಲು ಮಳವಳ್ಳಿಯವರಿಗೇನು ಅಧಿಕಾರ ಎಂದು ನೀವು ಕೇಳಬಹುದು. ಅಧಿಕಾರ ಇದೆ. ನಾಡಿಗೆ ಹೊಳಪು ಸರಬರಾಜು ಮಾಡಿದ ತಾಲ್ಲೂಕು ನಮ್ಮದು. ಶಿವನಸಮುದ್ರದಲ್ಲಿ ಕಾವೇರಿಯನ್ನು ಕೊಳವೆಗಿಳಿಸಿ ಹುಟ್ಟಿಸಿದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೆ. ಚಿನ್ನ ಥಳಥಳಿಸಿತು, ಬೆಂಗಳೂರು ಝಗಮಗಿಸಿತು, ಸುತ್ತಲಿನ ನಮ್ಮ ಹಳ್ಳಿಗಳು ಬುಡ್ಡಿದೀಪದಲ್ಲಿ ಬಹಳ ಕಾಲ ಮುದ್ದೆ ಉಂಡವು. ಹೊಳೆಯುವುದು ಒಂದು ಕಡೆ, ಅದರ ಲೆಕ್ಕ ಚುಕ್ತಾ ಮಾಡುವುದು ಇನ್ನೊಂದು ಕಡೆ ಎಂಬ ಪಾಠ ನಮಗೆ ಆಗಲೇ ಆಗಿದೆ. ಅದರ ಮುಂದಿನ ಅಧ್ಯಾಯದಲ್ಲಿ ತಾವೂ ಇದ್ದೀರಿ.

ಮೊದಲು ಅಭಿನಂದನೆ. ಮುತ್ತುಗ, ಬೋರೆ, ಕುಸುಮ ಮರಗಳ ರೆಂಬೆಗೆ ಅಂಟಿಕೊಂಡು ಬದುಕುವ ಪುಟ್ಟ ಹುಳುವೊಂದು ತನ್ನ ಮೈ ಕಾಪಾಡಿಕೊಳ್ಳಲು ಒಸರಿಸಿದ ರಾಳ ನೀವು. ಅಲ್ಲಿಂದ ಹೊರಟವರು ಎಲ್ಲೆಲ್ಲಿ ನೌಕರಿ ಮಾಡಿದಿರಿ! ದುರ್ಯೋಧನ ನಿಮ್ಮಿಂದ ಮನೆಯನ್ನೇ ಕಟ್ಟಿಸಿದ. ಒಳಗೆ ಕಾಲಿಟ್ಟ ಧರ್ಮರಾಯ ಗೋಡೆಯ ನುಣುಪಿಗೆ ಮರುಳಾಗದೆ ಮೂಸಿ ನೋಡಿದ, ತುಪ್ಪ, ಕೊಬ್ಬು, ಅರಗಿನ ವಾಸನೆ ಹಿಡಿದ, ಸುರಂಗದಿಂದ ಪಾರಾದ. ಲೇಬಲ್ ಇಲ್ಲದ ಸರಕನ್ನು ಮೂಗಿನಲ್ಲೇ ಪರೀಕ್ಷಿಸಿದ ನಮ್ಮ ಮೊದಲ ತಪಾಸಣಾಧಿಕಾರಿ ಆತ. ಆ ಹುದ್ದೆ ಬಹುಕಾಲ ಖಾಲಿ ಬಿದ್ದಿತ್ತು. ಗ್ರಾಮಫೋನ್ ಕಾಲದಲ್ಲಿ 78 ಸುತ್ತಿನ ತಟ್ಟೆಗಳಾಗಿ ತಿರುಗಿ ನಾಟಕದ ಹಾಡುಗಳನ್ನು ಮನೆಮನೆಗೆ ಮುಟ್ಟಿಸಿದಿರಿ. 1924ರಲ್ಲಿ ರಾಂಚಿಯ ನಾಮ್‌ಕುಮ್‌ನಲ್ಲಿ ನಿಮ್ಮದೇ ಅಧ್ಯಯನಕ್ಕೆ ಸಂಶೋಧನಾ ಸಂಸ್ಥೆ ಎದ್ದಿತು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ತೆರೆದರು. ಆ ಕಾರ್ಖಾನೆ ಈಗ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಗೆ ಪ್ರಸಿದ್ಧ. ಅಲ್ಲಿನ ಬಣ್ಣ ಬೆರಳಲ್ಲಿ ನಿಲ್ಲುತ್ತದೆ, ಭರವಸೆ ನಿಲ್ಲುವುದಿಲ್ಲ; ಅದು ಬೇರೆ ಇಲಾಖೆ.

ಮದ್ದೂರು ದಾಟಿದರೆ ಚನ್ನಪಟ್ಟಣ. ಅಲ್ಲಿ ನಿಮ್ಮ ಅಸಲಿ ಕೆಲಸ ನೋಡಬಹುದು. ಕಡೆಯುವ ಯಂತ್ರದಲ್ಲಿ ಗಿರ್ರೆಂದು ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ನೀವು ಕರಗಿ ಮರಕ್ಕೆ ಹತ್ತುತ್ತೀರಿ. ಒಣಗಿದ ತಾಳೆಗರಿ ಹಿಡಿದು ಉಜ್ಜಿದರೆ ಕನ್ನಡಿ. ಮಗು ಅಪ್ಪಿತಪ್ಪಿ ಗೊಂಬೆಯನ್ನು ಬಾಯಿಗೆ ಹಾಕಿಕೊಂಡೀತೆಂದು ಈಗ ಅನೇಕ ಕುಶಲಕರ್ಮಿಗಳು ಅರಿಶಿನ, ನೀಲಿಯಂಥ ಗಿಡಮೂಲದ ಬಣ್ಣಗಳನ್ನೇ ಬಳಸುತ್ತಾರೆ. ಬಾಯಿಗೆ ಹಾಕಿಕೊಳ್ಳಬಾರದ ಗೊಂಬೆಗೆ ಅರಿಶಿನ, ಬಾಯಿಗೆ ಹಾಕಿಕೊಳ್ಳಲೆಂದೇ ಮಾಡಿದ ಮಿಠಾಯಿಗೆ ಟಾರ್ಟ್ರಜಿನ್ ಎಂಬ ಕೃತಕ ಹಳದಿ, ಅಂದರೆ ಶ್ರೀ 102. ಈ ಏರ್ಪಾಡನ್ನು ಯೋಚಿಸಿದವರಿಗೆ ನನ್ನ ನಮಸ್ಕಾರ ತಲುಪಿಸಿ. ನಮ್ಮ ಸೀಮೆಯ ಮಕ್ಕಳಿಗೆ ತಿಂಡಿಗಿಂತ ಆಟಿಕೆ ನೆಕ್ಕುವುದೇ ಕ್ಷೇಮ ಎಂಬಲ್ಲಿಗೆ ನಾಗರಿಕತೆ ಬಂದು ನಿಂತಿದೆ.

ತಮ್ಮ ಆಹಾರಪದ್ಧತಿಯ ಬಗ್ಗೆಯೂ ಎರಡು ಮಾತು. ಪೊಟ್ಟಣದ ಮೇಲಿನ ಹಸಿರು ಚುಕ್ಕಿಗೆ ನಮ್ಮಲ್ಲಿ ಭಾರೀ ಗೌರವ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳು ಮಾಂಸಾಹಾರ ಯಾವುದೆಂದು ಹೇಳುವಾಗ ಹಕ್ಕಿ, ಕೀಟ, ಮೀನು, ಮೊಟ್ಟೆ, ಪ್ರಾಣಿಮೂಲದ ಸಕಲವನ್ನೂ ಸಾಲಾಗಿ ನಿಲ್ಲಿಸಿ, ಹಾಲು, ಜೇನು, ಜೇನುಮೇಣ, ಕಾರ್ನೌಬಾ ಮೇಣ, ಅರಗು ಇವಿಷ್ಟನ್ನು ಹೊರಗಿಟ್ಟಿವೆ. ಕೀಟ ಮಾಂಸ, ಕೀಟದ ಅರಗು ಮಡಿ. ಅದನ್ನಾದರೂ ಒಪ್ಪೋಣ, ಹಾಲಿಗೆ ಕೊಟ್ಟ ರಿಯಾಯಿತಿ ಹುಳುವಿಗೇಕೆ ಬೇಡ? ಆದರೆ ಕಾರ್ನೌಬಾ ಬ್ರೆಜಿಲಿನ ತಾಳೆ ಜಾತಿಯ ಮರದ ಎಲೆಯಿಂದ ಉದುರಿಸಿದ ಮೇಣ. ಮರದ ಎಲೆ ಮಾಂಸವಲ್ಲ ಎಂದು ಕಾನೂನು ಕೈಯಾರೆ ಬರೆದು ಸಹಿ ಹಾಕಿದೆ. ಮುಂದಿನ ತಿದ್ದುಪಡಿಯಲ್ಲಿ ಹುರುಳಿಕಾಳಿಗೂ ಇದೇ ಭಾಗ್ಯ ದೊರೆಯಲಿ.

174ರವರ ಮಡಿ ಇನ್ನೂ ಸೊಗಸು. ಮದುವೆ ಮನೆಯ ಬರ್ಫಿಯ ಮೇಲೆ ನಡುಗುವ ಬೆಳ್ಳಿ ರೇಕನ್ನು ಹಿಂದಿನಿಂದ ಬಡಿದು ತೆಳುಮಾಡುತ್ತಿದ್ದದ್ದು ದನದ ಕರುಳಿನ, ಚರ್ಮದ ಹಾಳೆಗಳ ನಡುವೆ ಇಟ್ಟು. ಈರುಳ್ಳಿ ತಾಗಿದ ಸೌಟನ್ನೂ ಒಳಗೆ ಬಿಟ್ಟುಕೊಳ್ಳದ ಅಡುಗೆಮನೆಗಳು ಆ ಬರ್ಫಿಯನ್ನು ದೇವರ ಮುಂದಿಟ್ಟು ಆರತಿ ಎತ್ತಿದವು. 2016ರಲ್ಲಿ ಪ್ರಾಧಿಕಾರ ಅಧಿಸೂಚನೆ ಹೊರಡಿಸಿ, ರೇಕು ತಯಾರಿಸುವ ಯಾವ ಹಂತದಲ್ಲೂ ಪ್ರಾಣಿಮೂಲದ ವಸ್ತು ಕೂಡದು, ಬೆಳ್ಳಿಯ ಶುದ್ಧತೆ ಸಾವಿರಕ್ಕೆ 999 ಇರಬೇಕು ಎಂದಿತು. ಬೆಳ್ಳಿಯ ಜಾಗದಲ್ಲಿ ಅಲ್ಯೂಮಿನಿಯಂ ಬಂದು ಕೂತಿದೆಯೋ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಬೆರಳ ನಡುವೆ ಉಜ್ಜಿದರೆ ಅಸಲಿ ಬೆಳ್ಳಿ ಪುಡಿಯಾಗಿ ಮಾಯವಾಗುತ್ತದೆ, ಅಲ್ಯೂಮಿನಿಯಂ ಉಂಡೆ ಕಟ್ಟುತ್ತದೆ. ಆದರೆ ಮದುವೆಮನೆಯಲ್ಲಿ ಯಾರು ಉಜ್ಜುತ್ತಾರೆ? ಬೀಗರು ನೋಡುತ್ತಿರುತ್ತಾರೆ.

ನಿಮ್ಮ ಮೇಲೆ ಸುಮ್ಮನೆ ದೂರು ಹೊರಿಸುವುದು ಧರ್ಮವಲ್ಲ. ನೀವು, 903, 901 ಮೂವರೂ ಕೆಲಸಗಳ್ಳರಲ್ಲ. ಮಿಠಾಯಿ ಮಿಠಾಯಿಗೆ ಅಂಟದಂತೆ, ತೇವ ಒಳನುಗ್ಗದಂತೆ, ಬಣ್ಣ ಕೈಗೆ ಹತ್ತದಂತೆ ಕಾಯುತ್ತೀರಿ. ಸೇಬಿಗೆ ಮೇಣ ಹಚ್ಚಿದರೆ ನೀರಿನಂಶ ಆರಿಹೋಗುವುದು ನಿಧಾನವಾಗುತ್ತದೆ. ಕಾನೂನು ಅದಕ್ಕೆ ಒಪ್ಪಿದೆ, ಯಾವ ಮೇಣ ಎಂದು ಚೀಟಿ ಹಚ್ಚಬೇಕೆಂಬ ಷರತ್ತಿನೊಂದಿಗೆ. ಸಂತೆಯಲ್ಲಿ ಗುಡ್ಡೆ ಹಾಕಿದ ಸೇಬಿಗೆ ಆ ಚೀಟಿ ಹುಡುಕುವುದು ಗಗನಚುಕ್ಕಿ ಜಲಪಾತದ ಕೆಳಗೆ ನಿಂತು ಒಣ ಅಂಗಿ ಹುಡುಕುವ ಸಾಹಸ. ಇರಲಿ. ಪೌಷ್ಟಿಕಾಂಶ ನೀವು ಕೊಡುವುದಿಲ್ಲ, ಕೊಡುತ್ತೇವೆಂದು ಹೇಳಿಕೊಂಡೂ ಇಲ್ಲ. ಈ ಕಾಲದಲ್ಲಿ ಇದು ಅಪರೂಪದ ಪ್ರಾಮಾಣಿಕತೆ. ನಿಮಗೊಂದು ಅಂತರರಾಷ್ಟ್ರೀಯ ಸಂಖ್ಯೆ ಇದೆ. ಪೊಟ್ಟಣದ ಹಿಂದೆ, ಭೂತಗನ್ನಡಿ ಹಿಡಿದರೆ ಕಾಣುವ ಅಕ್ಷರದಲ್ಲಿ, ವಿಳಾಸ ಕೊಟ್ಟೇ ಬರುತ್ತೀರಿ.

ಬಣ್ಣದ ಬಂಧುಗಳ ಮಾತು ಸ್ವಲ್ಪ ಬೇರೆ. ಮೊದಲು ಕಲ್ಲಿದ್ದಲ ಡಾಂಬರಿನಿಂದ, ಈಗ ಪೆಟ್ರೋಲಿಯಂನಿಂದ ಹುಟ್ಟುವ ಈ ಮನೆತನದ ಎಂಟು ಮಂದಿಗೆ ನಮ್ಮ ದೇಶ ಬಹುಕಾಲದಿಂದ ಪರವಾನಗಿ ಕೊಟ್ಟಿದೆ. ಐಸ್‌ಕ್ರೀಂ, ಬಿಸ್ಕತ್ತು, ಕೇಕು, ಮಿಠಾಯಿಯಂಥ ಗೊತ್ತುಪಡಿಸಿದ ತಿನಿಸುಗಳಿಗೆ ಮಾತ್ರ ಪ್ರವೇಶ. ಅಲ್ಲಿಯೂ ಸಾಮಾನ್ಯವಾಗಿ ಒಂದು ಕಿಲೋಗೆ 100 ಮಿಲಿಗ್ರಾಂ ಮೀರುವಂತಿಲ್ಲ. ಮಿಲಿಗ್ರಾಂ ತೂಗುವ ತಕ್ಕಡಿ ನಮ್ಮ ಬಸ್ ನಿಲ್ದಾಣದ ಗಾಡಿಯಲ್ಲಿಲ್ಲ. ಚಿಟಿಕೆ ಇದೆ. ಚಿಟಿಕೆ ಎಷ್ಟು ಎಂಬುದು ಹೆಬ್ಬೆರಳಿಗೂ ಆ ದಿನದ ವ್ಯಾಪಾರಕ್ಕೂ ಬಿಟ್ಟದ್ದು.

ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ 2007ರಲ್ಲಿ ನಡೆದ ಅಧ್ಯಯನವೊಂದು ಆರು ಬಣ್ಣಗಳನ್ನೂ ಮಕ್ಕಳ ಚಡಪಡಿಕೆಯನ್ನೂ ಒಟ್ಟಿಗೆ ಇಟ್ಟು ನೋಡಿತು. 2010ರಿಂದ ಯುರೋಪಿನಲ್ಲಿ ಆ ಆರು ಬಣ್ಣ ಹಾಕಿದ ಪೊಟ್ಟಣದ ಮೇಲೆ ಮಕ್ಕಳ ಗಮನಕ್ಕೆ, ಚಟುವಟಿಕೆಗೆ ತೊಂದರೆಯಾಗಬಹುದೆಂದು ಬರೆಯಲೇಬೇಕು. ಆ ಆರರಲ್ಲಿ ನಾಲ್ವರು, 102, 110, 122, 124, ನಮ್ಮ ಎಂಟರಲ್ಲೂ ಇದ್ದಾರೆ. ನಮ್ಮ ಪೊಟ್ಟಣಗಳಲ್ಲಿ ಮಾತ್ರ ಅವರು ಚಡಪಡಿಸದೆ ಶಾಂತವಾಗಿ ಕೂತಿರುತ್ತಾರೆ.

127ರವರ ಪ್ರಸಂಗ ಕೇಳಿ. ಬೇಕರಿಯ ಕೇಕಿನ ನೆತ್ತಿಯಲ್ಲಿ ಮಿರುಗುವ ಕೆಂಪು ಚೆರ್ರಿ ಬಹುಪಾಲು ಚೆರ್ರಿಯೇ ಅಲ್ಲ. ನಮ್ಮ ಕುರುಚಲು ಕಾಡಿನ ಕವಳೆಕಾಯಿ. ಹುಳಿ ತೆಗೆದು, ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ಅದ್ದಿ, ಕೆಂಪು ಬಳಿದು, ಇಂಗ್ಲಿಷ್ ಹೆಸರಿಟ್ಟು ಕೂರಿಸುತ್ತಾರೆ. ಮುತ್ತತ್ತಿ ಕಡೆಯ ಪೊದೆಯಲ್ಲಿ ಪುಕ್ಕಟೆ ಸಿಕ್ಕರೆ ಕೈಯೊಡ್ಡದವರು ಕೇಕಿನ ಮೇಲೆ ಕಂಡರೆ ಅದಕ್ಕಾಗಿ ಜಗಳ ಆಡುತ್ತಾರೆ. ಅದರ ಬಳಗದ ಟೂಟಿ ಫ್ರೂಟಿಯೂ ಅಷ್ಟೆ: ಹಸಿ ಪರಂಗಿಕಾಯಿ, ಮೂರು ಬಣ್ಣದ ಅಂಗಿ. ಇಂಥ ವೇಷಗಳಿಗೆ ಕೆಂಪು ಕೊಡುವ 127ರವರ ಪರವಾನಗಿಯನ್ನು ಅಮೆರಿಕ 2025ರ ಜನವರಿಯಲ್ಲಿ ರದ್ದು ಮಾಡಿತು. ಹೆಚ್ಚಿನ ಪ್ರಮಾಣ ತಿಂದ ಗಂಡಿಲಿಗಳಲ್ಲಿ ಥೈರಾಯ್ಡ್ ಗಡ್ಡೆ ಕಂಡದ್ದು ಕಾರಣ. ನಮ್ಮಲ್ಲಿ ಅವರ ಕೆಲಸ ಖಾಯಂ. ಹೆದರಬೇಡಿ ಎಂದು ಅವರಿಗೆ ತಿಳಿಸಿ. ಇಲ್ಲಿನ ಇಲಿಗಳು ಸಾಕ್ಷಿ ಹೇಳಲು ಬರುವುದಿಲ್ಲ.

ಇಷ್ಟೂ ಸಂಖ್ಯೆ ಉಳ್ಳವರ ಕಥೆ. ಸಂಖ್ಯೆ ಇಲ್ಲದವರನ್ನು ನೋಡಬೇಕಾದರೆ ಪಟ್ಟಲದಮ್ಮನ ಸಿಡಿಹಬ್ಬಕ್ಕೆ ಮಳವಳ್ಳಿಗೆ ಬನ್ನಿ. ಬೆಂಡು, ಬತ್ತಾಸು, ಕಡ್ಲೆಪುರಿ, ಖಾರಸೇವೆಗಳ ನಡುವೆ ಕೋಲಿಗೆ ಸುತ್ತಿದ ಗುಲಾಬಿ ಬೊಂಬಾಯಿ ಮಿಠಾಯಿ. ಅದರ ಹಿಂದೆ ಲೇಬಲ್ ಅಂಟಿಸಲು ಜಾಗವೇ ಇಲ್ಲ. ಮಿಠಾಯಿ ಎಂಬುದೇ ಬಹುಪಾಲು ಗಾಳಿ. ಆ ಗಾಳಿಗೆ ಗುಲಾಬಿ ಹಾಕಲು ಬಂದವರು ರೋಡಮಿನ್-ಬಿ. ಬಟ್ಟೆ, ಕಾಗದಗಳಿಗೆ ಹಾಕುವ ಬಣ್ಣ. ರೋಡಮಿನ್ ಕುಲದ ಕೆಲವರನ್ನು ಹೊಳೆ ಎಲ್ಲಿಂದೆಲ್ಲಿಗೆ ಹರಿಯುತ್ತದೆಂದು ಪತ್ತೆ ಹಚ್ಚಲು ನೀರಿಗೆ ಬೆರೆಸುವುದುಂಟು. ನಮ್ಮಲ್ಲಿ ಮಕ್ಕಳ ಕರುಳಿನ ಸರ್ವೆಗೂ ಕಳಿಸಿದರು. 2024ರ ಫೆಬ್ರವರಿಯಲ್ಲಿ ಪುದುಚೇರಿ, ತಮಿಳುನಾಡು ಈ ಮಿಠಾಯಿಯನ್ನು ನಿಷೇಧಿಸಿದವು. ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಕರ್ನಾಟಕದ ಲೆಕ್ಕ ಬಿಚ್ಚಿದರು: ಬೊಂಬಾಯಿ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತ, ಗೋಬಿ ಮಂಚೂರಿಯ 171ರಲ್ಲಿ 107 ಅಸುರಕ್ಷಿತ. ಮಿಠಾಯಿಗೆ ರೋಡಮಿನ್, ಗೋಬಿಗೆ ಯಾವುದೇ ಕೃತಕ ಬಣ್ಣ ಕೂಡದು. ಮೀರಿದರೆ ಜೈಲು, 10 ಲಕ್ಷ ರೂಪಾಯಿಯವರೆಗೆ ದಂಡ. ಜೂನ್‌ನಲ್ಲಿ ಕಬಾಬಿನ ಸರದಿ: 39 ಮಾದರಿಗಳಲ್ಲಿ 8ರಲ್ಲಿ ಕೃತಕ ಬಣ್ಣ. ಆ ವರ್ಷವೇ ಕೇಕುಗಳ 235 ಮಾದರಿಗಳಲ್ಲಿ 12 ನಪಾಸಾದವು.

ಆಮೇಲೆ ಆದದ್ದು ನಿಮಗೆ ಹೇಳಲೇಬೇಕು. ಗಾಡಿಗಳಲ್ಲಿ ಗೋಬಿ ಬಿಳಿಚಿಕೊಂಡಿತು. ಹೂಕೋಸು ಅದೇ, ಎಣ್ಣೆ ಅದೇ, ಬೆಳ್ಳುಳ್ಳಿ ಅದೇ. ಆದರೆ ಗಿರಾಕಿ ತಟ್ಟೆ ನೋಡಿ, “ಯಾಕಣ್ಣೋ, ಇವತ್ತು ಕಳೇನೇ ಇಲ್ಲ?” ಎನ್ನುತ್ತಾನೆ. ತಿನ್ನುವ ಮೊದಲೇ ಅವನಿಗೆ ರುಚಿ ಗೊತ್ತಾಗಿದೆ. ಗಾಡಿಯವನು ಏನು ಮಾಡಬೇಕು? ಅವನ ಎದುರು ಏಕಕಾಲಕ್ಕೆ ಎರಡು ಸರ್ಕಾರಗಳು ನಿಂತಿವೆ. ಒಂದು ಬಣ್ಣ ಹಾಕಿದರೆ ಜೈಲು ಎನ್ನುತ್ತದೆ, ಅದು ಅಪರೂಪಕ್ಕೆ ಬರುತ್ತದೆ. ಇನ್ನೊಂದು ಬಣ್ಣ ಹಾಕದಿದ್ದರೆ ಪಕ್ಕದ ಗಾಡಿಗೆ ಹೋಗುತ್ತೇನೆ ಎನ್ನುತ್ತದೆ, ಅದು ದಿನಾ ಸಂಜೆ ಬರುತ್ತದೆ. ಮೊದಲನೆಯದಕ್ಕೆ ಗೆಜೆಟ್ ಇದೆ. ಎರಡನೆಯದಕ್ಕೆ ಹಸಿವು ಇದೆ.

ಇಷ್ಟು ಹೊತ್ತು ಪೀಠಿಕೆ ಹಾಕಿದ್ದು ಬೆಲ್ಲದ ವಿಷಯ ಹೇಳಲು. ಸರ್ಕಾರದ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಪಟ್ಟಿಯಲ್ಲಿ ಮಂಡ್ಯದ ಹೆಸರಿಗೆ ಬರೆದಿರುವುದು ಬೆಲ್ಲ. ಇರ್ವಿನ್ ನಾಲೆ ಬಂತು, ನೀರು ಬಂತು, ಕಬ್ಬು ಬಂತು. ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್‌ಮನ್ ಮುತುವರ್ಜಿಯಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. ಕಾರ್ಖಾನೆ ಕಬ್ಬಿನ ರಸಕ್ಕೆ ಗಂಧಕದ ಹೊಗೆ ಹಾಯಿಸಿ ಸಕ್ಕರೆಯನ್ನು ಬೆಳ್ಳಗೆ ಮಾಡುವ ವಿದ್ಯೆ ತಂದಿತು. ಬಿಳಿ ಸಕ್ಕರೆಯ ಪಕ್ಕದಲ್ಲಿ ಕೂತ ಬೆಲ್ಲಕ್ಕೆ ತನ್ನ ಬಣ್ಣದ ಬಗ್ಗೆ ಕೀಳರಿಮೆ ಶುರುವಾದದ್ದು ಆಗಲೇ ಇರಬೇಕು.

ಆಲೆಮನೆಯಲ್ಲಿ ನಡೆಯುವುದು ಸರಳ. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುತ್ತದೆ. ಕಾಯುತ್ತ ಬಂದಂತೆ ಚೂರು ಸುಣ್ಣ, ಜಜ್ಜಿದ ಬೆಂಡೆಗಿಡದ ಲೋಳೆ ಹಾಕುತ್ತಾರೆ. ಲೋಳೆಗೆ ಕೊಳೆ ಅಂಟಿ ಮೇಲೆ ತೇಲುತ್ತದೆ, ಅದನ್ನು ಜಾಲರಿಯಲ್ಲಿ ತೆಗೆಯುತ್ತಾರೆ. ಮತ್ತೆ ಕುದಿ, ಪಾಕ, ಕೊನೆಗೆ ಅಚ್ಚು. ಹೀಗೆ ಆದ ಬೆಲ್ಲ ಕಂದು. ಯಾಕೆ ಕಂದು ಎಂದರೆ ಸಕ್ಕರೆ ಕುದಿದು ಕಂದಾಗುತ್ತದೆ, ಕಬ್ಬಿನ ಹಾಲಿನಲ್ಲೇ ಬಣ್ಣ ತರುವ ಫೀನಾಲುಗಳಿವೆ, ಕಬ್ಬಿಣದಂಶವಿದೆ. ಚೌಳು ಮಣ್ಣಿನ, ಗೊಬ್ಬರ ಹೆಚ್ಚು ಕುಡಿದ ಕಬ್ಬಾದರೆ ಇನ್ನೂ ಗಾಢ. ತಳಿಯೂ ಲೆಕ್ಕಕ್ಕೆ ಬರುತ್ತದೆ. ಮಂಡ್ಯದ ಗದ್ದೆಗಳನ್ನು ದಶಕಗಳ ಕಾಲ ಆಳಿದ ಕೋ-62175 ಒಂದು ಬಗೆ, ಮಂಡ್ಯದ ವಿ.ಸಿ. ಫಾರಂ ಸಂಶೋಧನಾ ಕೇಂದ್ರದಿಂದ ಬಂದ ವಿಸಿಎಫ್-0517 ಇನ್ನೊಂದು ಬಗೆ. ಒಟ್ಟಿನಲ್ಲಿ ಆ ಕಂದು ಕೊಳೆಯಲ್ಲ. ಕಬ್ಬು ಬೆಳೆದ ಹೊಲದ, ಬೆಂದ ಬೆಂಕಿಯ ಜಾತಕ.

ಮಂಡಿಯಲ್ಲಿ ಆ ಜಾತಕ ಓದುವವರಿಲ್ಲ. ಹೆಣ್ಣು ನೋಡಲು ಹೋದವರು ಮೊದಲು ಬಣ್ಣ ಕೇಳುವಂತೆ ಬೆಲ್ಲ ಕೊಳ್ಳುವವರೂ ಬಣ್ಣವನ್ನೇ ಕೇಳುತ್ತಾರೆ. ಹೊಂಬಣ್ಣದ ಅಚ್ಚಿಗೆ ಒಂದು ಬೆಲೆ, ಕಪ್ಪಿಟ್ಟ ಅಚ್ಚಿಗೆ ಅದಕ್ಕಿಂತ ಕೆಳಗಿನ ಬೆಲೆ, ಜೊತೆಗೆ ಅನುಮಾನ: ಇದು ಕಳ್ಳಭಟ್ಟಿಗೆ ಹೋಗುವ ಮಾಲೇನೋ! ಆಗ ಕೊಪ್ಪರಿಗೆಯ ಪಕ್ಕದಲ್ಲಿ ಡಬ್ಬ ಬಿಚ್ಚಿಕೊಳ್ಳುತ್ತದೆ. ಸೋಡಿಯಂ ಹೈಡ್ರೋಸಲ್ಫೈಟ್, ನಮ್ಮವರ ಬಾಯಲ್ಲಿ ಹೈಡ್ರೋಸ್. ಬಟ್ಟೆ ಗಿರಣಿಯಲ್ಲಿ ಬಣ್ಣ ಕೀಳಲು, ನೀಲಿಯನ್ನು ಕರಗಿಸಲು ಬಳಸುವ ಪುಡಿ. ಕುದಿವ ಪಾಕಕ್ಕೆ ಒಂದಿಷ್ಟು ಬಿದ್ದರೆ ಕಂದು ಹಿಂದೆ ಸರಿದು ಹಳದಿ ಮುಂದೆ ಬರುತ್ತದೆ. ಗಂಧಕದ ಡೈಆಕ್ಸೈಡ್ ಒಳಗೆ ಉಳಿಯುತ್ತದೆ. ಅದು 70 ಪಿಪಿಎಂ ಮೀರಬಾರದೆಂದು ಕಾನೂನು. ಕೆಲವು ಆಸ್ತಮಾ ರೋಗಿಗಳಿಗೆ ಈ ಗಂಧಕದ ಸಂಯುಕ್ತಗಳೇ ಉಸಿರು ಹಿಡಿಸಬಲ್ಲವು. ಅವರಿಗೆ ಹಬ್ಬದ ಹೋಳಿಗೆಯ ಮೇಲೆ ಅನುಮಾನ ಬರುವುದಿಲ್ಲ.

ಈ ವ್ಯವಹಾರದ ಅತಿ ರುಚಿಕರ ಭಾಗ ಇನ್ನೂ ಬಾಕಿ ಇದೆ. ಹೈಡ್ರೋಸ್ ಕೊಟ್ಟ ಹಳದಿ ಖಾಯಂ ಅಲ್ಲ. ಗಾಳಿ ತಾಗಿ, ತೇವ ಎಳೆದುಕೊಂಡು, ಗೋದಾಮಿನಲ್ಲಿ ಕೂತಷ್ಟೂ ಬೆಲ್ಲ ಮತ್ತೆ ಕಪ್ಪಾಗುತ್ತದೆ. ಹರಾಜು ಮುಗಿದು ತಕ್ಕಡಿ ಎತ್ತುವವರೆಗೆ, ಅಂಗಡಿಯಲ್ಲಿ ಗಿರಾಕಿಯ ಕಣ್ಣು ಬೀಳುವವರೆಗೆ ಬಣ್ಣ ನಿಂತರೆ ಸಾಕು. ತಿನ್ನುವ ಹೊತ್ತಿಗೆ ಹೊಳಪಿನ ಕೆಲಸ ಮುಗಿದಿರುತ್ತದೆ, ಗಂಧಕದ ಕೆಲಸ ಶುರುವಾಗಿರುತ್ತದೆ. ಶ್ರೀಮಾನ್ 904 ಅವರೇ, ನೀವು ಕನಿಷ್ಠ ಬಾಯಿಯವರೆಗೆ ಜೊತೆಗೆ ಬರುತ್ತೀರಿ.

ಸುಣ್ಣ, ಬೆಂಡೆಲೋಳೆ ಬಿಟ್ಟು ಬೇರೇನೂ ಹಾಕದ ಆಲೆಮನೆಯವನನ್ನು ಈಗ ನೋಡಿ. ಅವನ ಬೆಲ್ಲದಲ್ಲಿ ಏನೂ ಬೆರಕೆಯಿಲ್ಲ ಎಂಬುದಕ್ಕೆ ಅದರ ಮೈಬಣ್ಣವೇ ಸಾಕ್ಷಿ. ಅದೇ ಬಣ್ಣಕ್ಕೆ ಅವನಿಗೆ ಬೆಲೆ ಕಡಿತ. ಬೆರಕೆ ಮಾಡಿದವನು ಸಿಕ್ಕಿಬಿದ್ದರೆ ದಂಡ ಕಟ್ಟುತ್ತಾನೆ. ಮಾಡದವನು ಸಿಕ್ಕಿಬೀಳದೆಯೂ ಪ್ರತಿ ಹರಾಜಿನಲ್ಲೂ ಕಟ್ಟುತ್ತಾನೆ. ಈ ದಂಡ ಯಾವ ಕಾಯ್ದೆಯಲ್ಲೂ ಇಲ್ಲ, ಇದಕ್ಕೆ ಮೇಲ್ಮನವಿಯೂ ಇಲ್ಲ. ವಿಧಿಸುವವರು ನಾವು, ಪಾಯಸ ಕಪ್ಪಗಾದೀತೆಂದು ಹೆದರುವವರು.

ಆದ್ದರಿಂದ ಹಿಂಜರಿಕೆ ಬಿಟ್ಟು ನಮ್ಮ ಸೀಮೆಯ ಎಲ್ಲ ತಿನಿಸಿಗೂ ಮೆರುಗು ಇಲಾಖೆಯನ್ನು ವಿಸ್ತರಿಸಬೇಕೆಂದು ಕೋರುತ್ತೇನೆ. ಯೋಜನಾ ವರದಿ ಹೀಗಿದೆ.

ಒಂದು, ರಾಗಿಮುದ್ದೆ. ಅದರ ಬಣ್ಣ ಬಹಳ ದಿನದಿಂದ ನಮ್ಮ ಮರ್ಯಾದೆ ಕಳೆಯುತ್ತಿದೆ. ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡ್, ಅಂದರೆ ಶ್ರೀ 171, ಅವರಿಂದ ವಂಶವಾಹಿಗೆ ಹಾನಿಯಾಗದೆಂದು ಖಚಿತವಾಗಿ ಹೇಳಲಾಗದು ಎಂಬ ಕಾರಣಕ್ಕೆ ಯುರೋಪು 2022ರಲ್ಲಿ ಅವರನ್ನು ಆಹಾರದಿಂದ ಹೊರಹಾಕಿತು. ಕೆಲಸ ಕಳೆದುಕೊಂಡ ಹಿರಿಯರು. ಮಳವಳ್ಳಿಯಲ್ಲಿ ಬಾಡಿಗೆಯೂ ಕಡಿಮೆ. ಬಿಳಿಯಾದ ಮುದ್ದೆಯ ಮೇಲೆ ಬೆಳ್ಳಿ ರೇಕು ಹೊದಿಸಿ, ಬಸ್ಸಾರಿನ ಮೇಲೆ ಚಿಮುಕಿಸಲು ಮಿನುಗುಪುಡಿ ಕಳಿಸಿ.

ಎರಡು, ಮದ್ದೂರು ವಡೆ. 1917ರಲ್ಲಿ ರೈಲು ನಿಲ್ದಾಣದಲ್ಲಿ ಹುಟ್ಟಿತೆನ್ನುವ ಈ ವಡೆ ನೂರು ವರ್ಷ ದಾಟಿದರೂ ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ ಎಂದು ಎಲ್ಲವನ್ನೂ ಮೈಮೇಲೇ ತೋರಿಸಿಕೊಂಡು ಓಡಾಡುತ್ತಿದೆ. ಇಷ್ಟು ಪಾರದರ್ಶಕತೆ ಮಂಡ್ಯ ಜಿಲ್ಲೆಯ ರಾಜಕಾರಣದಲ್ಲೂ ಇಲ್ಲ. ಎರಡು ಕೋಟು ಅರಗು ಬಳಿದು ಮೈಮುಚ್ಚಿ.

ಮೂರು, ಕಿರುಗಾವಲು. ನಮ್ಮ ತಾಲ್ಲೂಕಿನ ಆ ಊರಿನಲ್ಲಿ ರೈತ ಸೈಯದ್ ಘನಿ ಖಾನ್ ನೂರಾರು ನಾಟಿ ಭತ್ತದ ತಳಿಗಳನ್ನೂ, ಬಡಾಬಾಗ್ ತೋಟದಲ್ಲಿ ನೂರಕ್ಕೂ ಹೆಚ್ಚು ಮಾವಿನ ಬಗೆಗಳನ್ನೂ ಉಳಿಸಿಕೊಂಡು ಕೂತಿದ್ದಾರೆ. ಒಂದೊಂದು ಅಕ್ಕಿಗೂ ಒಂದೊಂದು ಬಣ್ಣ, ಒಂದೊಂದು ಹಣ್ಣಿಗೂ ಒಂದೊಂದು ವಾಸನೆ. ಇಂಥ ಅಶಿಸ್ತು ಮಾರುಕಟ್ಟೆಗೆ ಒಗ್ಗುವುದಿಲ್ಲ. ರಾಜಮುಡಿ ಅಕ್ಕಿಯ ಕೆಂಪು ತೌಡನ್ನು ಅದರ ಜೀವಸತ್ವದ ಸಮೇತ ಉಜ್ಜಿ ತೆಗೆಯಿರಿ. ಮಾವುಗಳನ್ನೆಲ್ಲ ಒಂದೇ ದಿನ ಒಂದೇ ಹಳದಿಗೆ ತನ್ನಿ. ಹಣ್ಣು ಮಾಗಿಸುವ ಕ್ಯಾಲ್ಸಿಯಂ ಕಾರ್ಬೈಡಿಗೆ ನಿಷೇಧವಿದೆ ಎಂದು ಯಾರಾದರೂ ನೆನಪಿಸಿದರೆ, ಗುಲಾಬಿ ಮಿಠಾಯಿಗೂ ಇತ್ತು ಎನ್ನಿ.

ನಾಲ್ಕು, ಅರಿಶಿನ. ಹೊಳೆಯಾಚೆಯ ಚಾಮರಾಜನಗರ ಸೀಮೆ ಬೆಳೆಯುವ ಅರಿಶಿನ ಉಳಿದೆಲ್ಲಕ್ಕೂ ಬಣ್ಣ ಕೊಟ್ಟು ಬಂದ ತಾಯಿ. ಅವಳಿಗೂ ಬಣ್ಣ ಬಳಿಯುವ ಕಾಲ ಬಂದು, ಸೀಸದ ಕ್ರೋಮೇಟ್ ಇಲ್ಲವೆಂದು ಪರೀಕ್ಷೆಯಲ್ಲಿ ಸಾಬೀತಾಗಬೇಕೆಂದು ಕಾನೂನೇ ಬರೆಯಬೇಕಾಗಿದೆ. ಇಲ್ಲಿ ನಾನು ಹೊಸದಾಗಿ ಸೂಚಿಸಲು ಏನೂ ಉಳಿದಿಲ್ಲ. ದೇಶದ ವ್ಯಾಪಾರಿಗಳು ನನಗಿಂತ ಮುಂದಿದ್ದಾರೆ.

ಈ ವಿಸ್ತರಣೆ ಸದ್ಯಕ್ಕೆ ಕಷ್ಟ ಎನ್ನುವುದಾದರೆ ಸಣ್ಣ ಬೇಡಿಕೆಗಳಿಗೂ ನಾವು ತಯಾರು. ಪೊಟ್ಟಣದ ಮೇಲೆ ನಿಮಗಿರುವ ವಿಳಾಸಪತ್ರ ಬಿಡಿ ತಿನಿಸಿಗೂ ಬರಲಿ. ಮಿಠಾಯಿ ಅಂಗಡಿಯ ತಟ್ಟೆಯ ಮುಂದೆ, ಗೋಬಿ ಗಾಡಿಯ ಗಾಜಿನ ಮೇಲೆ, ಜಾತ್ರೆಯ ಬುಟ್ಟಿಯ ಕಿವಿಯಲ್ಲಿ ಒಂದು ಚೀಟಿ: ಇದಕ್ಕೆ ಹಾಕಿರುವ ಬಣ್ಣ ಇದು, ಅಥವಾ ಏನೂ ಹಾಕಿಲ್ಲ. ಬಡವರ ಮಗು ತಿನ್ನುವ ಎರಡು ರೂಪಾಯಿಯ ಮಿಠಾಯಿಗೆ ಸಂಖ್ಯೆ ಇಲ್ಲ, ಇನ್ನೂರು ರೂಪಾಯಿಯ ಚಾಕೊಲೇಟಿಗೆ ಇದೆ ಎಂಬ ಭೇದ ಹೋಗಲಿ. ವಿಷ ತಿಂದರೂ ಹೆಸರು ತಿಳಿದು ತಿನ್ನುವ ಸಮಾನತೆ ಇರಲಿ. ಮಂಡಿಯಲ್ಲಿ ಬಣ್ಣ ನೋಡುವ ಕಣ್ಣಿನ ಜೊತೆಗೆ ಗಂಧಕ ಅಳೆಯುವ ಉಪಕರಣವೂ ಕೂರಲಿ. 70ಕ್ಕಿಂತ ಬಹಳ ಕೆಳಗಿರುವ ಕಪ್ಪು ಅಚ್ಚಿಗೆ ಹಳದಿಗಿಂತ ಒಂದು ರೂಪಾಯಿಯಾದರೂ ಹೆಚ್ಚು ಕೂಗಲಿ. ತಪಾಸಣೆಯವರು ಗಾಡಿಯವನ ಚಿಟಿಕೆ ಹಿಡಿಯುವ ಮೊದಲು, ಆ ಪುಡಿಯ ಪೊಟ್ಟಣ ಯಾವ ಸಗಟು ಅಂಗಡಿಯಿಂದ ಬಂತೆಂದು ಹಿಂದಕ್ಕೆ ನಡೆಯಲಿ. ಇವು ನಿಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಗೊತ್ತು. ಬರುವವರಿಗೆ ಬರೆದ ಕಾಗದಗಳಿಗೆ ಹೊಳಪು ಸಾಲದೆ ಯಾರೂ ಓದಲಿಲ್ಲ. ಅದಕ್ಕೇ ತಮ್ಮ ಮೂಲಕ.

ಇಂತಿ,
ಮಳವಳ್ಳಿ ಸಂತೆಯ ಒಬ್ಬ ಗಿರಾಕಿ

ವಿ.ಸೂ.: ಇತ್ತೀಚೆಗೆ ಬೆಂಗಳೂರಿನವರಿಗೆ ಕಪ್ಪು ಬೆಲ್ಲದ ಮೇಲೆ ಪ್ರೀತಿ ಹುಟ್ಟಿದೆ. ಹೊಸ ಅಂಗಡಿಗಳಲ್ಲಿ ‘ಸಾವಯವ’, ‘ರಾಸಾಯನಿಕಮುಕ್ತ’ ಎಂದು ಬರೆದು, ಮಂಡಿಯಲ್ಲಿ ಯಾರೂ ಮುಟ್ಟದ ಬಣ್ಣಕ್ಕೆ ದುಪ್ಪಟ್ಟು ಬೆಲೆ ಇಟ್ಟಿದ್ದಾರೆ. ಗಿರಾಕಿ ಇಲ್ಲಿಯೂ ಗಂಧಕ ಕೇಳುವುದಿಲ್ಲ, ಬಣ್ಣವನ್ನೇ ನೋಡುತ್ತಾನೆ; ಮೊದಲು ಹಳದಿ ನೋಡುತ್ತಿದ್ದ, ಈಗ ಕಪ್ಪು ನೋಡುತ್ತಾನೆ. ನಿಮ್ಮ ಬಳಗದಲ್ಲಿ 150 ಎಂಬ ನಂಬರಿನ ಕ್ಯಾರಮೆಲ್ ಬಣ್ಣದವರು ಇದ್ದಾರಂತೆ, ಎಂಥ ಬಿಳಿಯನ್ನೂ ಕಂದು ಮಾಡಬಲ್ಲರಂತೆ. ದಯವಿಟ್ಟು ಅವರಿಗೆ ನಮ್ಮ ಆಲೆಮನೆಗಳ ದಾರಿ ಹೇಳಬೇಡಿ.